ಸ್ಕೀ ಗುಡ್ಡ ಇಳಿದ ಶನಿವಾರ

ಮಿಶಿಗನ್‌ನವರ ಧೈರ್ಯ ಮೆಚ್ಚಬೇಕು. ನಾನೂರು ಅಡಿ ಎತ್ತರದ ದಿಬ್ಬಕ್ಕೆ ಮೌಂಟನ್ ಅಂತ ಬೋರ್ಡು ಹಾಕಿ, ಚಳಿಗಾಲದಲ್ಲಿ ಸ್ಕೀ ಮಾಡಿಸುತ್ತಾರೆ. ಬೇಸಿಗೆಯಲ್ಲಿ ಹಿಮ ಇಲ್ಲದಿದ್ದರೇನಂತೆ, ಅದೇ ಇಳಿಜಾರಿನಲ್ಲಿ ಸೈಕಲ್ ಬಿಡಿಸುತ್ತಾರೆ. ಚಾಮುಂಡಿ ಬೆಟ್ಟದ ಬುಡದಲ್ಲಿ ಬೆಳೆದ ನಾನು, ಮಾಧವ ಇಬ್ಬರೂ ೨೦೦೯ರ ಜುಲೈನಲ್ಲಿ ಒಂದು ಶನಿವಾರ ಇನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಅಲ್ಲಿಗೆ ಹೋದೆವು. ಮಾಧವನಿಗೆ ಅದು ಮೋಜು. ನನಗೆ, ಅವನ ಕೆಲಸ ಹೋಯಿತು ಎಂದು ಅವನಿಗೆ ಹೇಳುವುದಿತ್ತು.

ಹೋಯಿತು ಅನ್ನುವುದೂ ಸುಳ್ಳೇ. ನಾನೇ ತೆಗೆದಿದ್ದೆ. ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಕಾರಿನ ಬ್ರೇಕ್ ಮಾಡುವ ಒಂದು ಕಂಪನಿಯಲ್ಲಿ ನಾನು ಆರು ಜನರ ಟೀಮಿಗೆ ಮ್ಯಾನೇಜರು. ಆ ವರ್ಷ ಡೆಟ್ರಾಯ್ಟ್ ಸುತ್ತಮುತ್ತ ಯಾರ ಕೆಲಸವೂ ಗಟ್ಟಿ ಇರಲಿಲ್ಲ. ಒಂದು ಹೆಸರು ಬರೆದುಕೊಡು ಅಂದರು ಮೇಲಿನವರು. ಅಳೆದೂ ಸುರಿದೂ ಕೊನೆಗೆ ಇಬ್ಬರು ಉಳಿದರು. ಒಬ್ಬ ನನ್ನ ಕಾಲೇಜು ಗೆಳೆಯ ಮಾಧವ, ಇನ್ನೊಬ್ಬ ಹುಬ್ಬಳ್ಳಿ ಕಡೆಯ ಗುರುಶಾಂತಪ್ಪ. ಗುರುಶಾಂತಪ್ಪನದು ಎಚ್‌ಒನ್ ವೀಸಾ. ಕೆಲಸ ಹೋದರೆ ಬಸುರಿ ಹೆಂಡತಿಯನ್ನು ಕರೆದುಕೊಂಡು ದೇಶವನ್ನೇ ಬಿಟ್ಟು ಹೋಗಬೇಕು. ಮಾಧವನ ಹತ್ತಿರ ಗ್ರೀನ್ ಕಾರ್ಡ್ ಇತ್ತು. ನನ್ನ ಜಾಗದಲ್ಲಿ ಒಬ್ಬ ಅಮೆರಿಕನ್ ಇದ್ದಿದ್ದರೆ ಕೆಲಸ ನೋಡಿ ಬರೆಯುತ್ತಿದ್ದ, ಮಾಧವ ಬಚಾವಾಗುತ್ತಿದ್ದ. ನಾನು ವೀಸಾ ನೋಡಿ ಬರೆದೆ.

ಸೋಮವಾರ ಬೆಳಿಗ್ಗೆ ಎಚ್‌ಆರ್‌ನವರು ಅವನನ್ನು ಕರೆಯುವವರಿದ್ದರು. ಅಷ್ಟರೊಳಗೆ ನಾನೇ ಬಾಯಿಬಿಟ್ಟು ಹೇಳಬೇಕು, ಗೆಳೆತನವೂ ಉಳಿಯಬೇಕು. ನನ್ನ ದುರಾಸೆ ನೋಡಿ!

"ಹಸಿದ ಹೊಟ್ಟೇಲಿ ಮಾತ್ರ ಹೇಳ್ಬೇಡಿ. ಊಟ ಆಗ್ಲಿ ಪಾಪ, ಆಮೇಲೆ ಹೇಳಿ," ಎಂದು ನನ್ನ ಹೆಂಡತಿ ಜಯಾ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ಹೆದ್ದಾರಿಯ ಒಂದೊಂದು ಎಕ್ಸಿಟ್ ದಾಟಿದಾಗಲೂ ಆ ಮಾತನ್ನೇ ನೆಪ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಬಾಡಿಗೆ ಸೈಕಲ್ಲು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು, ಎದೆಗೆ, ಮಂಡಿಗೆ ಪ್ಲಾಸ್ಟಿಕ್ ಕವಚ. ಸೈಕಲ್ಲುಗಳನ್ನು ತಂತಿಯ ಮೇಲೆ ಗುಡ್ಡ ಹತ್ತಿಸುವ ಲಿಫ್ಟಿನ ಕೊಕ್ಕೆಗೆ ನೇತುಹಾಕಿ, ಹಿಂದಿನ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿದರು. ಕಾಲ ಕೆಳಗೆ ಹಸಿರು ಹುಲ್ಲು ಜಾರುತ್ತಿತ್ತು. ಮಾಧವ ಮಗುವಿನ ಹಾಗೆ ಕಾಲಾಡಿಸುತ್ತಿದ್ದ.

"ಸೋಮವಾರ ಲಿಸ್ಟ್ ಬರತ್ತಂತೆ ಕಣೋ," ಎಂದ. "ಆಫೀಸಲ್ಲಿ ಎಲ್ರೂ ನಡುಗ್ತಿದಾರೆ. ನಂಗಂತೂ ಚೆನ್ನಾಗಿ ನಿದ್ದೆ ಬರ್ತಿದೆಯಪ್ಪ. ಮೌಳಿ ಇದಾನಲ್ಲ, ತಲೆ ಕೆಡಿಸ್ಕೋಬೇಡ ಅಂತ ಸುಹಾಸಿನಿಗೂ ಹೇಳ್ಬಿಟ್ಟಿದೀನಿ."

ಸುಹಾಸಿನಿ ಅವನ ಹೆಂಡತಿ, ಮೌಳಿ ನಾನು. ನನಗೆ ಅಲ್ಲಿಂದಲೇ ಕೆಳಗೆ ಹಾರಿಬಿಡೋಣ ಅನ್ನಿಸಿತು.

ಮೇಲೆ ನಿಂತು ನೋಡಿದಾಗ ನಾನೂರು ಅಡಿ ನಗುವ ವಿಷಯವಾಗಿರಲಿಲ್ಲ. ಕಲ್ಲು, ಬೇರು, ಗಕ್ಕನೆ ತಿರುಗುವ ಮಣ್ಣಿನ ದಾರಿ. ಮಾಧವ ಪೆಡಲ್ ಮೇಲೆ ಎದ್ದು ನಿಂತು "ಹೋಯ್!" ಎಂದು ಕೂಗುತ್ತಾ ಇಳಿದೇಬಿಟ್ಟ. ಹಿಂದೆ ನಾನು. ಎರಡನೇ ತಿರುವಿನಲ್ಲಿ ಹೆದರಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಸೈಕಲ್ ಅಲ್ಲೇ ನಿಂತಿತು, ನಾನು ಮಾತ್ರ ಹಾರಿ ಪೊದೆಯಲ್ಲಿ ಬಿದ್ದೆ.

ಮಾಧವ ಸೈಕಲ್ ಬಿಸಾಕಿ ಏದುಸಿರು ಬಿಡುತ್ತಾ ಮೇಲೆ ಓಡಿಬಂದ. "ಹದಿನಾಲ್ಕು ವರ್ಷದಿಂದ ಬ್ರೇಕ್ ಡಿಸೈನ್ ಮಾಡೋನು ಮುಂದಿನ ಬ್ರೇಕ್ ಒತ್ತಿದ್ಯಲ್ಲೋ ಮುಟ್ಠಾಳ! ಎಲ್ಲಿ, ಕೈ ಆಡಿಸು. ಬೆರಳು ಮಡಚು." ನೀರಿನ ಬಾಟಲಿಯಿಂದ ನನ್ನ ಮೊಣಕೈ ತೊಳೆದು ತನ್ನ ಕರವಸ್ತ್ರ ಕಟ್ಟಿದ. ಆಮೇಲೆ ಎರಡೂ ಸೈಕಲ್ಲುಗಳನ್ನು ಅವನೇ ತಳ್ಳಿಕೊಂಡು ಕೆಳಗೆ ಬಂದ. ಇಂಥವನ ಹೆಸರನ್ನು ನಾನು ಬರೆದಿದ್ದೆ, ನನ್ನ ಕೈಗೆ ಬೆಂಕಿ ಹಾಕ.

ಹುಲ್ಲಿನ ಮೇಲೆ ಕೂತು ಉಂಡೆವು. ಅವನು ಮೊಸರನ್ನದ ಡಬ್ಬಿಯನ್ನು ಬೆರಳಲ್ಲಿ ಬಳಿದು ಮುಗಿಸುವವರೆಗೆ ಕಾದೆ. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

ಅವನು ಡಬ್ಬಿ ಕೆಳಗಿಟ್ಟ.

"ನನ್ನ ಹೆಸರೇ ಯಾಕೆ?"

"ಗುರುಶಾಂತಪ್ಪ ಊರಿಗೆ ಹೋಗ್ಬೇಕಾಗತ್ತೆ ಮಾಧು. ನಿಂಗೆ ಗ್ರೀನ್ ಕಾರ್ಡ್ ಇದೆ, ಇಲ್ಲೇ ಇದ್ದು ಎಲ್ಲಾದ್ರೂ ಅಪ್ಲೈ ಮಾಡ್ಬೋದು. ಶಿಕಾಗೋ ಕಡೆ..."

"ಊರಿಗೆ ಹೋಗ್ಬೇಕಾಗತ್ತೆ ಅಂತ ಅವನನ್ನ ಉಳಿಸ್ದೆ." ಅವನ ದನಿ ಏರಲಿಲ್ಲ. "ಮಾರ್ಚಲ್ಲಿ ನಾನೂ ಊರಿಗೆ ಹೋಗ್ಬೇಕಾಗಿತ್ತಲ್ಲೋ."

ಇದನ್ನು ಇಷ್ಟು ಹೊತ್ತು ನಿಮಗೂ ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ. ಮಾರ್ಚಿನಲ್ಲಿ ಅವನ ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಅವನು ಟಿಕೆಟ್ ಬುಕ್ ಮಾಡಲು ಹೊರಟಾಗ ತಡೆದವನು ನಾನು. ಈಗ ರಜಾ ಹಾಕಿದರೆ ಮೇಲಿನವರ ಕಣ್ಣಿಗೆ ಬೀಳುತ್ತೀಯ, ಎರಡು ವಾರ ತಡಿ, ಕೆಲಸ ಉಳಿಸಿಕೋ ಎಂದಿದ್ದೆ. ಅವನು ತಡೆದ. ಅವನ ಅಮ್ಮ ತಡೆಯಲಿಲ್ಲ. ಒಬ್ಬನೇ ಮಗ. ಚಿಕ್ಕಪ್ಪ ಕೊಳ್ಳಿ ಇಡುವಾಗ ಪುರೋಹಿತರ ಮಂತ್ರವನ್ನು ಇವನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನಿಂತು ಫೋನಿನಲ್ಲಿ ಕೇಳಿಸಿಕೊಂಡಿದ್ದ. ನಾನು ಪಕ್ಕದಲ್ಲೇ ಇದ್ದೆ, ಭುಜ ತಟ್ಟಿದ್ದೆ.

"ಮಾಧು," ಎಂದೆ.

ಅವನು ಖಾಲಿ ಡಬ್ಬಿಗಳನ್ನು ತೊಳೆದು ಚೀಲಕ್ಕೆ ಹಾಕಿದ. ಹೆಲ್ಮೆಟ್ಟುಗಳನ್ನು ಕೌಂಟರಿನಲ್ಲಿ ಕೊಟ್ಟು ಬಂದ. ಕಾರಿನ ಹತ್ತಿರ ಹೋಗಿ ನಾನು ಅವನಿಗೆಂದು ಮುಂದಿನ ಬಾಗಿಲು ತೆರೆದು ಹಿಡಿದೆ. ಅವನು ಹಿಂದಿನ ಬಾಗಿಲು ತೆಗೆದು ಕೂತ. ಮೂರೂವರೆ ಗಂಟೆ ನಾನು ಅಳುತ್ತಾ ಓಡಿಸಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

ಅವನ ಮನೆ ಮುಂದೆ ನಿಲ್ಲಿಸಿದಾಗ ಸುಹಾಸಿನಿ ನಗುತ್ತಾ ಬಾಗಿಲಿಗೆ ಬಂದಳು. "ಹೇಗಿತ್ತು ಸೈಕಲ್ ಸವಾರಿ? ಒಳಗೆ ಬನ್ನಿ, ಕಾಫಿಗೆ ಇಟ್ಟಿದೀನಿ."

"ಬೇಡ," ಎಂದ ಮಾಧವ, ನನ್ನತ್ತ ತಿರುಗದೆ. "ನಂಗೊಬ್ಬನಿಗೇ ಮಾಡು."