ಉತ್ತರ ಬಾರದ ದೂರು

ವಾಷಿಂಗ್ ಮಷೀನ್ ಕಂಪನಿಯ ದೂರು ವಿಭಾಗದಲ್ಲಿ ಅವಳದು ದೂರು ಮುಚ್ಚುವ ಕೆಲಸ. ಗಿರಾಕಿಗೆ 'ಈಗ ಸರಿಯಾಯಿತೇ?' ಎಂದು ಬರೆಯಬೇಕು. ವಾರ ಕಾದರೂ ಆಸಾಮಿಯ ಸುಳಿವಿಲ್ಲವೆಂದರೆ 'ಪರಿಹಾರವಾಗಿದೆ' ಎಂದು ಒತ್ತಿ ಮುಂದಿನದಕ್ಕೆ ಹೋಗಬೇಕು. ತೊಂದರೆ ಇದ್ದವನು ಬಾಯಿ ಬಡಿದುಕೊಳ್ಳುತ್ತಾನೆ, ಸುಮ್ಮನಿದ್ದವನ ಮಷೀನು ತಿರುಗುತ್ತಿರುತ್ತದೆ ಎಂಬುದು ಸೂಪರ್‌ವೈಸರ್ ಹೇಳಿಕೊಟ್ಟ ಮೊದಲ ಪಾಠ. ಇಷ್ಟು ವರ್ಷದಲ್ಲಿ ಅದು ಅವಳಿಗೆ ರಕ್ತಗತವಾಗಿತ್ತು.

ಹಾಗಾಗಿ ತಾಯಂದಿರ ಚರ್ಚಾಗುಂಪಿನಲ್ಲಿ ಆ ಹಳೇ ಪೋಸ್ಟ್ ಸಿಕ್ಕಾಗ ಹೋದ ಜೀವ ಬಂದಂತಾಯಿತು. 'ಎರಡುಜಡೆ' ಎಂಬ ಹೆಸರಿನಲ್ಲಿ ಯಾರೋ ಒಂಬತ್ತು ವರ್ಷದ ಹಿಂದೆ ಬರೆದಿದ್ದಳು: ಮಗನಿಗೆ ಮೂರು ತುಂಬುತ್ತ ಬಂತು, ಮಾತಿಲ್ಲ, ಹಿಂದೆ ನಿಂತು ತಟ್ಟೆ ಬೀಳಿಸಿದರೂ ತಿರುಗುವುದಿಲ್ಲ, ಸೋಮವಾರ ಕಿವಿ ಪರೀಕ್ಷೆ ಇದೆ, ಹೆದರಿಕೆಯಾಗುತ್ತಿದೆ. ಕೆಳಗೆ ಒಬ್ಬರ ಹಿಂದೊಬ್ಬರು ಧೈರ್ಯ ಹೇಳಿದ್ದರು. ಎರಡುಜಡೆ ಮಾತ್ರ ಮತ್ತೆ ಆ ಕಡೆ ತಲೆಹಾಕಿರಲಿಲ್ಲ.

ಬಂದಿಲ್ಲವೆಂದರೆ ಸರಿಹೋಗಿದೆ. ಹಾಗೆಂದುಕೊಂಡೇ ಅವಳು ತನ್ನ ಮಗಳು ಗುಬ್ಬಿಯ ಕಿವಿ ಪರೀಕ್ಷೆಯನ್ನು ಎರಡು ಸಲ ಮುಂದೂಡಿದ್ದಳು, ಒಮ್ಮೆ ನೆಗಡಿಯ ನೆಪ, ಇನ್ನೊಮ್ಮೆ ಆಫೀಸಿನ ನೆಪ. ಗುಬ್ಬಿಗೂ ಮೂರು ತುಂಬುವುದರಲ್ಲಿತ್ತು. 'ಅಮ್ಮ' ಎಂಬುದೊಂದು ಬಿಟ್ಟರೆ ಮಾತಿರಲಿಲ್ಲ. ಅತ್ತೆ ಬೇರೆ ಒತ್ತಾಸೆಗೆ ನಿಂತಿದ್ದರು. ಮಗುವಿನ ಅಪ್ಪನೂ ನಾಲ್ಕು ವರ್ಷ ಬಾಯಿ ಬಿಟ್ಟಿರಲಿಲ್ಲ, ಬಿಟ್ಟ ಮೇಲೆ ಮುಚ್ಚಲೇ ಇಲ್ಲ ಎಂದು ನಗುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಾದ ಗಂಡ ತಾನೂ ನಗುತ್ತಿದ್ದ, ಆದರೆ ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಅವನು ಮೇಜಿನ ಕೆಳಗೆ ಚಿಟಿಕೆ ಹೊಡೆದು ಮಗಳನ್ನೇ ಗಮನಿಸುವುದು ಅವಳ ಕಣ್ಣಿಗೆ ಬಿದ್ದಿತ್ತು. ಅವಳೂ ಅಡುಗೆಮನೆಯಲ್ಲಿ ಬೇಕೆಂದೇ ಮುಚ್ಚಳ ಬೀಳಿಸುತ್ತಿದ್ದಳು. ಗುಬ್ಬಿ ಒಮ್ಮೊಮ್ಮೆ ತಿರುಗುತ್ತಿದ್ದಳು. ಸದ್ದಿಗೋ, ನೆಲ ಅದುರಿದ್ದಕ್ಕೋ ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆ ಈಗ ಗುರುವಾರಕ್ಕೆ ಬಂದು ನಿಂತಿತ್ತು. ಮಂಗಳವಾರ ಊಟದ ಬಿಡುವಿನಲ್ಲಿ, ಅದನ್ನೂ ಮುಂದಕ್ಕೆ ಹಾಕೋಣವೆಂದು ಫೋನ್ ಕೈಗೆತ್ತಿಕೊಂಡಳು. ಯಾಕೋ ಮನಸ್ಸು ಒಪ್ಪಲಿಲ್ಲ. ಆಸ್ಪತ್ರೆಗೆ ಫೋನ್ ಮಾಡುವ ಬದಲು ಆ ಹಳೇ ಪೋಸ್ಟಿನ ಕೆಳಗೆ ಬರೆದಳು: 'ನಿಮ್ಮ ಮಗ ಈಗ ಹೇಗಿದ್ದಾನೆ?'

ಗುಂಪನ್ನು ನೋಡಿಕೊಳ್ಳುವ, 'ಕಾವಲುಗಾರ' ಎಂದು ಹೆಸರಿಟ್ಟುಕೊಂಡವನು ಮೊದಲು ಹಾಜರಾದ. ಸತ್ತುಹೋದ ವಿಷಯ ಕೆದಕಬೇಡಿ, ಹೊಸದಾಗಿ ಕೇಳಿ ಎಂದ. ಆ ಹುಡುಗನಿಗೆ ಇನ್ನೇನು ಮೀಸೆ ಬರುತ್ತೆ ಕಣಮ್ಮಾ ಎಂದು ಇನ್ಯಾರೋ ನಗುವ ಮುಖ ಅಂಟಿಸಿದರು. ಪಕ್ಕದ ಸೀಟಿನವಳು ಇಣುಕಿ ನೋಡಿ, "ನಮ್ಮಲ್ಲಾಗಿದ್ರೆ ನೀನೇ ಇದನ್ನ ಯಾವತ್ತೋ ಮುಚ್ಚಿರ್ತಿದ್ದೆ ಬಿಡೇ," ಎಂದಳು.

ಅವಳಿಗೆ ನಗು ಬರಲಿಲ್ಲ. ಹೊಸದಾಗಿ ಕೇಳಿದರೆ ಮತ್ತೆ ಧೈರ್ಯ ಹೇಳುವವರೇ ಬರುತ್ತಾರೆ. ಆ ಸೋಮವಾರ ಏನಾಯಿತೆಂದು ಬಲ್ಲವಳು ಒಬ್ಬಳೇ.

ಬುಧವಾರ ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಫೋನು ಅದುರಿತು. ಎರಡುಜಡೆ.

'ಆ ಸೋಮವಾರ ನಾವು ಹೋಗಲೇ ಇಲ್ಲ. ಏನೂ ಆಗಲ್ಲ ಅಂತ ಎಲ್ಲರೂ ಅಂದಿದ್ರಲ್ಲ, ಅದನ್ನೇ ಹಿಡ್ಕೊಂಡು ಕೂತೆ. ಹೋಗಿದ್ದು ಎರಡು ವರ್ಷ ಕಳೆದ ಮೇಲೆ. ಆಮೇಲೆ ಆಸ್ಪತ್ರೆ, ಕಿವಿಗೆ ಮಷೀನು, ಮಾತು ಕಲಿಸೋ ಕ್ಲಾಸು. ಇಲ್ಲಿ ಬಂದು ಬರೆಯೋಕೆ ಪುರುಸೊತ್ತೇ ಆಗ್ಲಿಲ್ಲ. ಈಗ ಮಾತಾಡ್ತಾನೆ, ಕಷ್ಟಪಟ್ಟು. ನಿಮ್ಮದು ಮಗನೋ ಮಗಳೋ? ಪರೀಕ್ಷೆ ಯಾವತ್ತು?'

ಪುರುಸೊತ್ತೇ ಆಗಲಿಲ್ಲ ಎಂಬುದನ್ನು ಮತ್ತೆ ಮತ್ತೆ ಓದಿದಳು. ತಾನು ದೂರು ಮುಚ್ಚಿದ ಗಿರಾಕಿಗಳಲ್ಲಿ ಎಷ್ಟು ಜನ ಕೆಟ್ಟ ಮಷೀನಿನ ಮುಂದೆ ಕೂತು ಕೈಯಲ್ಲೇ ಬಟ್ಟೆ ಹಿಂಡುತ್ತಿದ್ದರೋ. ತಲೆ ಎತ್ತಿದಾಗ ಅವಳ ಸ್ಟಾಪು ದಾಟಿಹೋಗಿತ್ತು. 'ಮಗಳು. ನಾಳೆ,' ಎಂದು ಬರೆದು ಇಳಿದಳು.

ಮರುದಿನ ಆಸ್ಪತ್ರೆಯಲ್ಲಿ, ಸದ್ದು ಒಳಹೊರಗೆ ಹಾಯದ ಪುಟ್ಟ ಕೋಣೆಯೊಳಗೆ ಗುಬ್ಬಿ ಅಪ್ಪನ ತೊಡೆಯ ಮೇಲೆ ಕೂತಿದ್ದಳು. ಅವಳ ಕಿವಿಗೆ ತಲೆಗಿಂತ ದೊಡ್ಡದೆನಿಸುವ ಹೆಡ್‌ಫೋನು. ಸದ್ದು ಕೇಳಿಸಿದಾಗ ಮರದ ತುಂಡನ್ನು ಡಬ್ಬಿಗೆ ಹಾಕಬೇಕು ಎಂದು ಪರೀಕ್ಷೆಯವರು ಆಟದಂತೆ ಕಲಿಸಿದ್ದರು. ಅಮ್ಮ ಗಾಜಿನ ಹೊರಗೆ ನಿಂತಳು. ಗುಬ್ಬಿ ತುಂಡನ್ನು ಕೆನ್ನೆಗೆ ಒತ್ತಿ ಹಿಡಿದು ಕಾಯುತ್ತಿದ್ದಳು. ಪರೀಕ್ಷೆಯವರು ಸದ್ದು ಏರಿಸುವ ಗುಂಡಿ ತಿರುಗಿಸಿದರು. ಕೈ ಅಲುಗಲಿಲ್ಲ. ಮತ್ತೆ ತಿರುಗಿಸಿದರು. ಗಂಡ ಕಣ್ಣು ಮುಚ್ಚಿಕೊಂಡ. ಮತ್ತೊಮ್ಮೆ. ಆಗ ಗುಬ್ಬಿ ತುಂಡನ್ನು ಡಬ್ಬಿಗೆ ಎಸೆದು, ಗೆದ್ದವಳಂತೆ ಅಮ್ಮನ ಕಡೆ ನೋಡಿ ನಕ್ಕಳು. ಪರೀಕ್ಷೆಯವರು ನಗಲಿಲ್ಲ, ತೆರೆಯ ಮೇಲಿನ ಅಂಕಿ ನೋಡಿದರು.

ಜೋರು ಸದ್ದು ಬಿಟ್ಟರೆ ಎರಡೂ ಕಿವಿಗೆ ಏನೂ ಕೇಳುವುದಿಲ್ಲ, ಮಷೀನು ಹಾಕಿಸಬೇಕು, ಇನ್ನು ತಡ ಮಾಡಬೇಡಿ ಎಂದರು.

ಹೊರಗಿನ ಬೆಂಚಿನ ಮೇಲೆ ಗಂಡ ಮಗಳನ್ನು ಕೂರಿಸಿ ಪಕ್ಕದಲ್ಲಿ ಕೂತ. "ನಮ್ಮಮ್ಮನಿಗೆ ಏನಂತ ಹೇಳೋದು?" ಎಂದ.

"ಗುಬ್ಬಿಗೆ ಕೇಳಿಸಲ್ಲ ಅಂತ ಹೇಳಿ. ಇನ್ನು ನೀವು ತಡವಾಗಿ ಮಾತಾಡಿದ ಕತೆ ಹೇಳೋದು ಬೇಡ ಅನ್ನಿ."

ಫೋನ್ ತೆಗೆದರೆ ಕಾವಲುಗಾರ ಕೇಳಿದ್ದ: 'ಉತ್ತರ ಸಿಕ್ಕಿತಲ್ಲ, ಇದನ್ನು ಮುಚ್ಚಲೇ?'

ಅವಳು ಪರೀಕ್ಷೆಯಲ್ಲಿ ಆದದ್ದನ್ನೆಲ್ಲ ಬರೆದಳು. ಕೊನೆಗೆ ಸೇರಿಸಿದಳು: 'ಮುಚ್ಚಬೇಡಿ. ಮಷೀನು ಹಾಕಿಸಿ ಬಂದು ಬರೀತೀನಿ. ನಾನು ಬರದೇ ಹೋದ್ರೆ ಎಲ್ಲ ಸರಿಹೋಯ್ತು ಅಂತ ಯಾರೂ ತಿಳ್ಕೋಬೇಡಿ.'