ಹೊರಗಿನಿಂದ ಹಾಕಿದ ಚಿಲಕ

ಒಂದಾನೊಂದು ಊರಿನಲ್ಲಿ, ಹೆಜ್ಜೆ ಇಟ್ಟಲ್ಲೆಲ್ಲ ಹುಲ್ಲು ಒಣಗಿಸುವ ಒಬ್ಬ ಹುಡುಗಿ ಇದ್ದಳಂತೆ. ಊರಿನವರು ಅವಳನ್ನು ಪೆಟ್ಟಿಗೆಯೊಳಗೆ ಕೂರಿಸಿ, ಮೇಲೆ ಚಿಲಕ ಹಾಕಿ, ಹೊಳೆಗೆ ಬಿಟ್ಟರಂತೆ. ಆಮೇಲೆ ಊರು ಸುಖವಾಗಿತ್ತಂತೆ.

ಅಜ್ಜಿ ಕಥೆಯನ್ನು ಇಲ್ಲಿಗೇ ಮುಗಿಸುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ನಾನು ಇದನ್ನು ನೂರು ಸಲ ಕೇಳಿದ್ದೇನೆ. ಆ ಪೆಟ್ಟಿಗೆಗೆ ಬೆಳ್ಳಿಯ ಅಂಚು, ಒಳಗೆ ಮಖಮಲ್ಲು ಎಂದೆಲ್ಲ ಕನಸು ಕಟ್ಟಿದ್ದೇನೆ. ಆದರೆ ಒಮ್ಮೆಯೂ "ಆಮೇಲೆ ಪೆಟ್ಟಿಗೆ ಏನಾಯ್ತು?" ಎಂದು ಕೇಳಲಿಲ್ಲ. ಹಾಗೆ ಕೇಳಿದ್ದು ಗುಬ್ಬಿ.

ಗುಬ್ಬಿ ನನ್ನ ಅಣ್ಣನ ಮಗಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಅವಳು ಹುಟ್ಟಿದ ದಿನವೇ ಅತ್ತಿಗೆ ತೀರಿಕೊಂಡಳು. "ಕಾಲ್ಗುಣ," ಎಂದಳು ಅಜ್ಜಿ. ಅಷ್ಟೇ ಸಾಕಾಯಿತು. ಮನೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಗುಬ್ಬಿ ಅವರ ಕಣ್ಣಿಗೆ ಬೀಳಬಾರದು. ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಅವಳನ್ನು ಕಳಿಸಿ, ಹೊರಗಿನಿಂದ ಚಿಲಕ. "ಎರಡೇ ನಿಮಿಷ ಕೂತ್ಕೋ, ಬಂಗಾರ," ಎನ್ನುತ್ತಿದ್ದಳು ಅಜ್ಜಿ, ಅದೂ ಪ್ರೀತಿಯಿಂದಲೇ. ಎರಡು ನಿಮಿಷ ಒಮ್ಮೊಮ್ಮೆ ಒಂದು ಗಂಟೆಯಾಗುತ್ತಿತ್ತು. ಅಣ್ಣ ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ. ನಾನು ಬರುವಾಗ ಅವಳಿಗೊಂದು ಚಾಕಲೇಟು ತರುತ್ತಿದ್ದೆ.

ನಾನು ಓದುತ್ತಿದ್ದುದು ಏನು ಗೊತ್ತೇ? ಮಕ್ಕಳ ರಕ್ಷಣೆ. ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಕೋರ್ಸು. ಮುಗಿಸಿದವರು ಮಕ್ಕಳ ರಕ್ಷಣಾ ಅಧಿಕಾರಿಗಳಾಗಿ ಮನೆಮನೆಗೆ ಹೋಗಬೇಕು. ಹತ್ತೊಂಬತ್ತು ಪರೀಕ್ಷೆ ಬರೆದಿದ್ದೆ. ಹತ್ತೊಂಬತ್ತು ಸಲವೂ ಆ ಚಿಲಕದ ಮುಂದೆಯೇ ಹಾದು ಹೋಗಿದ್ದೆ.

ಇಪ್ಪತ್ತನೆಯದು ಕೊನೆಯ ಪ್ರಾಯೋಗಿಕ ಪರೀಕ್ಷೆ. ನಮ್ಮ ವಿಭಾಗದ ಮೂರನೇ ಮಹಡಿಯಲ್ಲಿ ಒಂದು ಸುಳ್ಳು ಮನೆಯಿದೆ. ಹರಿದ ಸೋಫಾ, ಉರಿಯದ ಒಲೆ, ನೀರು ಬಾರದ ನಲ್ಲಿ, ಗೋಡೆಯ ಮೇಲೆ ಯಾರದೋ ಮದುವೆ ಫೋಟೋ. ವಿಭಾಗದ ಗುಮಾಸ್ತರು ತಾತನ ಪಾತ್ರ ಹಾಕುತ್ತಾರೆ. ಅವರ ರೇಗಾಟಕ್ಕೆ ಹೆದರಿ ಅತ್ತ ವಿದ್ಯಾರ್ಥಿಗಳಿದ್ದಾರೆ. ಕೈಗೆ ಒಂದು ಕಡತ, ಇಪ್ಪತ್ತು ನಿಮಿಷ. ಈ ಮನೆಯ ಮಗು ಕ್ಷೇಮವೇ ಎಂದು ತಿಳಿದು ಬರಬೇಕು.

ಕಡತ ಹಿಡಿದು ಒಳಗೆ ಹೋದೆ.

"ಯಾರಮ್ಮ ನೀನು? ನಮ್ಮನೆ ವಿಚಾರ ನಿನಗ್ಯಾಕೆ?" ಗುಮಾಸ್ತರು ಶುರು ಮಾಡಿದರು.

"ಕೂತ್ಕೊಂಡು ಮಾತಾಡೋಣ ತಾತ. ನಿಮ್ಮ ಮೊಣಕಾಲು ನೋವು ಹೇಗಿದೆ?"

ಅವರ ಮೀಸೆಯ ಅಡಿಯಲ್ಲಿ ನಗು ಇಣುಕಿತು. ಆಮೇಲೆ ಮಾತು ನೀರಿನಂತೆ ಹರಿಯಿತು. ಮಗು ನೆಂಟರ ಮನೆಗೆ ಹೋಗಿದೆ ಎಂದರು, ನಾನು ಬರೆದುಕೊಂಡೆ. ಕೋಣೆ ನೋಡಿದೆ, ಹಾಸಿಗೆ ನೋಡಿದೆ, ಕುಣಿಯುತ್ತ ಹೊರಗೆ ಬಂದೆ.

ನಮ್ಮ ಮೇಡಂ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ಪಾಠಕ್ಕೆ ಬಂದವರು. ಪೆನ್ನಿನ ಮುಚ್ಚಳ ತೆಗೆಯದೆ ಕೇಳಿದರು, "ಆ ಮನೇಲಿ ಎಷ್ಟು ಬಾಗಿಲು?"

"ಐದು ಮೇಡಂ."

"ಎಷ್ಟು ತೆಗೆದೆ?"

"ನಾಲ್ಕು. ಅಡುಗೆಮನೆ ಪಕ್ಕದ್ದಕ್ಕೆ ಹೊರಗಿಂದ ಚಿಲಕ ಹಾಕಿತ್ತು."

"ಹಾಕಿದ್ದನ್ನ ನೋಡಿದ್ಯಾ?"

"ನೋಡ್ದೆ. ಅದರಲ್ಲೇನಿದೆ ಮೇಡಂ, ನಮ್ಮನೇಲೂ..."

ಮೇಡಂ ಎದ್ದು ಹೋಗಿ ಆ ಬಾಗಿಲು ತೆಗೆದರು. ನೆಲದ ಮೇಲೆ ಒಂದು ಬಟ್ಟೆಯ ಗೊಂಬೆ, ಮೊಣಕಾಲು ಮಡಿಚಿ ಕೂತಿತ್ತು. ನಮ್ಮ ತರಗತಿಯ ಒಂಬತ್ತು ಜನರಲ್ಲಿ ಎಂಟು ಮಂದಿ ಮೊದಲು ತೆರೆದದ್ದು ಅದೇ ಬಾಗಿಲನ್ನಂತೆ.

ನಾನು ಗುಬ್ಬಿಯ ವಿಷಯ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಸೋಮವಾರ ಮರುಪರೀಕ್ಷೆ. ಬೇರೆ ಮನೆ, ಬೇರೆ ಕಡತ ಇರುತ್ತೆ. ಅಷ್ಟರಲ್ಲಿ ನಿಮ್ಮನೆ ಬಾಗಿಲು ತೆಗಿ. ನಿನ್ನಿಂದ ಆಗದಿದ್ರೆ ಹೇಳು, ನಾನು ಬರ್ತೀನಿ. ಅದು ನನ್ನ ಕೆಲಸ, ನಾಳೆ ನಿನ್ನದೂ ಅದೇ."

ಮನೆಗೆ ಬಂದಾಗ ಗುಬ್ಬಿ ಮೆಟ್ಟಿಲ ಮೇಲೆ ಕಾದಿದ್ದಳು. "ಪಾಸಾ ಅತ್ತೆ?"

"ಇಲ್ಲ ಕಣೇ. ಫೇಲು."

ಅವಳು ಚಾಕಲೇಟಿಗೆ ಕೈ ಚಾಚಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಬೆಳಗ್ಗೆ ಉಗ್ರಾಣದೊಳಗೆ ಕೆಮ್ಮು ಬಂದುಬಿಡ್ತು. ಬಾಯಿ ಮುಚ್ಕೊಂಡೆ. ಆದ್ರೂ ನಿಂಗೆ ಕೇಳಿಸ್ತಾ?"

ಕನಸಿನ ಬೆಳ್ಳಿಯ ಪೆಟ್ಟಿಗೆ ನನ್ನೊಳಗೆ ಆ ಕ್ಷಣ ಒಡೆಯಿತು. ಅವಳ ಎರಡೂ ಕೈ ಹಿಡಿದುಕೊಂಡು ಮಾತು ಕೊಟ್ಟೆ. "ಸೋಮವಾರ ಬೀದಿಬಾಗಿಲು ತೆಗೆದು ನನ್ನನ್ನ ಕಳಿಸೋಳು ನೀನೇ."

ಅಜ್ಜಿಗೆ ಈ ಸುದ್ದಿ ಮುಟ್ಟಿದ್ದು ರಾತ್ರಿ ಊಟದ ತಟ್ಟೆಯ ಮುಂದೆ.

"ಓದಿ ಓದಿ ಮರುಳಾದ ಕೂಚುಭಟ್ಟ ಅಂತಾರಲ್ಲ, ಹಂಗಾಯ್ತು," ಎಂದಳು. "ಅವಳು ಕೆಮ್ಮಿದ್ದಕ್ಕೇ ನೀನು ಫೇಲಾದೆ. ಇನ್ನು ಅವಳ ಮುಖ ನೋಡ್ಕೊಂಡು ಹೋಗ್ತೀಯಂತೆ."

"ಕೆಮ್ಮಿದ್ದಕ್ಕಲ್ಲ ಅಜ್ಜಿ. ಚಿಲಕ ನೋಡಿ ನೋಡಿ ನನ್ನ ಕಣ್ಣು ಸತ್ತುಹೋಗಿತ್ತು, ಅದಕ್ಕೆ."

"ಹುಟ್ಟುತ್ಲೇ ತಾಯಿನ ನುಂಗಿದ ಕೂಸದು."

"ಕೂಸು ನುಂಗಲಿಲ್ಲ. ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ತಡವಾಗಿ ತಂದ್ರು ಅಂತ ಚೀಟೀಲಿ ಬರೆದಿದ್ದಾರೆ. ಯಾಕೆ ತಡ ಆಯ್ತು?"

ಆರು ವರ್ಷ ಬಾಯಿ ಬಿಡದಿದ್ದ ಅಣ್ಣ ತಟ್ಟೆಯಿಂದ ಕೈ ಎತ್ತಿದ.

"ಹೊತ್ತು ಸರಿಯಿಲ್ಲ, ಸ್ವಲ್ಪ ಕಳೀಲಿ ಅಂದ್ಯಲ್ಲ ಅಜ್ಜಿ. ಒಂದೂವರೆ ಗಂಟೆ ಕಾದ್ವಿ. ಅವಳು ನನ್ನ ತೋಳು ಹಿಡ್ಕೊಂಡು, ಹೊರಡೋಣ ರೀ, ಹೊರಡೋಣ ರೀ ಅಂತಾನೇ ಇದ್ಲು. ನಾನೂ ಗಡಿಯಾರ ನೋಡ್ತಾ ಕೂತಿದ್ದೆ. ನಮ್ಮ ತಪ್ಪನ್ನ ಆ ಮಗು ಕಾಲಿಗೆ ಕಟ್ಟಿದ್ವಿ."

ಅಜ್ಜಿಯ ತಟ್ಟೆ ಹಾಗೆಯೇ ಉಳಿಯಿತು. ಎರಡು ದಿನ ಅವಳು ಕಥೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಸೋಮವಾರ ನಾನು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಗುಬ್ಬಿ ತಾನಾಗಿಯೇ ಉಗ್ರಾಣದೊಳಗೆ ಹೋಗಿ ಕೂತಿದ್ದಳು. "ಚಿಲಕ ಹಾಕು ಅತ್ತೆ. ಇವತ್ತು ಕೆಮ್ಮಲ್ಲ," ಎಂದಳು. ಮಾತು ಕೊಟ್ಟಿದ್ದು ಅವಳಿಗೆ ನೆನಪಿತ್ತು, ನಂಬಿಕೆ ಇರಲಿಲ್ಲ.

ಅಣ್ಣ ಸ್ಕ್ರೂಡ್ರೈವರ್ ತಂದ. ಮೂರು ತಿರುಪು ಸುಲಭವಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದಿತ್ತು. ಅದಕ್ಕೆ ಎಣ್ಣೆಯ ಬಟ್ಟಲು ತಂದು ಮುಂದಿಟ್ಟದ್ದು ಅಜ್ಜಿ. ಯಾರ ಮುಖವನ್ನೂ ನೋಡದೆ ಕೇಳಿದಳು, "ಇವತ್ತೂ ಫೇಲಾದ್ರೆ?"

"ಇನ್ನೊಂದು ಸಲ ಕೂರ್ತೀನಿ. ಆವತ್ತೂ ಇವಳೇ ಕಳಿಸ್ತಾಳೆ."

"ಹೂಂ," ಎಂದಳು ಅಜ್ಜಿ. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಉಗ್ರಾಣದ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಚಿಲಕ ಕಿತ್ತು ಅಣ್ಣನ ಅಂಗೈಗೆ ಬಂತು. ಗುಬ್ಬಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇಷ್ಟೇ ಚಿಕ್ಕದಾ?"

ಆಮೇಲೆ ಓಡಿದಳು. ಬೀದಿಬಾಗಿಲ ಅಗುಳಿ ಅವಳಿಗೆ ಎಟುಕಲಿಲ್ಲ. ನಾನು ಎತ್ತಿಕೊಳ್ಳಲು ಹೋದರೆ "ಬೇಡ" ಎಂದು, ನನ್ನ ದಪ್ಪ ಪುಸ್ತಕ ಎರಡನ್ನು ಕೇಳಿ ಪಡೆದು, ಒಂದರ ಮೇಲೊಂದಿಟ್ಟು ಹತ್ತಿದಳು. ತುದಿಗಾಲಲ್ಲಿ ನಿಂತು, ನಾಲಿಗೆ ಕಚ್ಚಿ, ಎರಡೂ ಕೈಯಿಂದ ಅಗುಳಿ ಎಳೆದಳು. ಬಾಗಿಲು ತೆರೆಯಿತು. ಬೆಳಗಿನ ಬಿಸಿಲು ಹಲ್ಲಿಲ್ಲದ ಆ ನಗುವಿನ ಮೇಲೆ ಬಿತ್ತು.

"ಹೋಗ್ಬಾ ಅತ್ತೆ."

"ಹೋಗಿ ಬರ್ತೀನಿ," ಎಂದೆ. ಅವಳ ಮುಖವನ್ನು ಕಣ್ತುಂಬ ನೋಡಿಕೊಂಡು ಮೆಟ್ಟಿಲಿಳಿದೆ.