ಗವಿಯಲ್ಲಿ ಮಲಗಿ ಬಂದವಳು

ಸುಶೀಲಾ ಮೆಟ್ಟಿಲ ಬಾವಿಯ ತಳದ ಕಟ್ಟೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಮೇಲೆ ಅಸಾರ್ವಾ ಬಡಾವಣೆಯ ಮಧ್ಯಾಹ್ನ ಕಾದ ಹಂಚಿನಂತಿತ್ತು; ಇಲ್ಲಿ ಕಲ್ಲು ತಣ್ಣಗಿತ್ತು. ಅಲ್ಲೇ ಇದ್ದ ಮಾತಾಜಿಯ ಗುಡಿಯಲ್ಲಿ ಕಸ ಗುಡಿಸುತ್ತಿದ್ದ ಮುದುಕಿ, ಮನೆಯಲ್ಲಿ ಮಂಚವಿಲ್ಲವೇ ಎಂದು ಗುಜರಾತಿಯಲ್ಲಿ ಕೇಳಿ ನಕ್ಕಳು. ಸುಶೀಲಾ ನಾಚಿ ಗೋಡೆಯ ಕಡೆ ಹೊರಳಿದಳು.

ಅಪ್ಪ ಲಿಂಗರಾಜ ಅರವತ್ತೆರಡನೇ ಇಸವಿಯಲ್ಲಿ ಧಾರವಾಡದಿಂದ ಈ ಊರಿಗೆ ವರ್ಗವಾಗಿ ಬಂದ ವಿಮಾ ಗುಮಾಸ್ತ. ಆರು ತಿಂಗಳಿಂದ ರಕ್ತ ಕೆಮ್ಮುತ್ತಿದ್ದ. ಕೆಟ್ಟ ಪುಪ್ಪುಸ ಕತ್ತರಿಸದಿದ್ದರೆ ಮಳೆಗಾಲ ಕಾಣುವುದಿಲ್ಲ, ಕತ್ತರಿಸಿದರೂ ಉಳಿಯುವ ಭರವಸೆ ಅರ್ಧವೇ ಎಂದಿದ್ದರು ಬರೋಡಾದ ಡಾಕ್ಟರು. ಆಸ್ಪತ್ರೆ ಸೇರಬೇಕಾದ ದಿನ ಇವತ್ತು. ಅಪ್ಪ ಹಾಸಿಗೆ ಬಿಟ್ಟು ಏಳಲೊಲ್ಲ.

ಬೆಳಿಗ್ಗೆ ಹಳೆಯ ಚರಿತ್ರೆಯ ಪುಸ್ತಕವೊಂದನ್ನು ಅವಳಿಂದ ಓದಿಸಿದ್ದ. ಗ್ರೀಕರ ಸೀಮೆಯಲ್ಲಿ ಪಾತಾಳದ ದೊರೆಯ ಗವಿ. ರೋಗಿ ಹೊರಗೆ ಕಾಯುವನು, ಅವನ ಪರವಾಗಿ ಪೂಜಾರಿ ಒಳಗೆ ಮಲಗುವನು. ಕನಸಿನಲ್ಲಿ ಬಂದದ್ದೇ ಔಷಧ. ಬೇರೆಯವರು ಹೊಕ್ಕರೆ ಸಾವು.

"ನೆಲದಾಗಿನ ಗುಡಿ ಇಲ್ಲೂ ಒಂದದ. ಹೋಗಿ ಮಲಗಿ ಬಾ. ಕನಸಿನ್ಯಾಗ ಹೆಂಗ ಬರ್ತದೋ ಹಂಗ ಮಾಡ್ತೀನಿ," ಎಂದಿದ್ದ.

"ಹುಚ್ಚ ಹಿಡದದೇನ್ರೀ? ಏಳನೇ ಇಯತ್ತೆಗೆ ಸಾಲಿ ಬಿಟ್ಟ ಹುಡುಗಿ, ಆಕೀನ್ನ ಪೂಜಾರಿ ಮಾಡ್ತೀರಿ!" ಅವ್ವ ಪಾರ್ವತಿ ಗದರಿದಳು.

"ಡಾಕ್ಟರ್ ಮಾತು ಕೇಳಿದ್ದಾತು, ನಿನ್ನ ಮಾತೂ ಕೇಳಿದ್ದಾತು. ಈಕಿ ಒಬ್ಬಾಕಿ ಏನೂ ಹೇಳಿಲ್ಲ."

ಬಾವಿಯ ಕಟ್ಟೆಯ ಮೇಲೆ ನಿದ್ದೆ ಬರಲಿಲ್ಲ. ಪಾರಿವಾಳಗಳು ಕಂಬದಿಂದ ಕಂಬಕ್ಕೆ ಹಾರುತ್ತಿದ್ದವು. ಆಸ್ಪತ್ರೆಗೆ ಹೋಗಬೇಡ ಎಂದರೆ ಅಪ್ಪ ಮಳೆಗಾಲಕ್ಕೆ ಇರುವುದಿಲ್ಲ. ಹೋಗು ಎಂದು, ಅವನು ಡಾಕ್ಟರ ಮೇಜಿನ ಮೇಲೆಯೇ ಹೋಗಿಬಿಟ್ಟರೆ, ಕಳಿಸಿದವಳು ತಾನು. ಅವಳು ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿದಳು. ರೆಪ್ಪೆ ನೋಯತೊಡಗಿತು.

ಮನೆಗೆ ಬಂದಾಗ ಅಪ್ಪ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ.

"ನಿದ್ದಿ ಬಂತೇನವ್ವಾ?"

"ಬಂತ್ರಿ ಅಪ್ಪಾ."

"ಏನ್ ಕಂಡ್ತು?"

"ಆಯಿ ಬಂದಿದ್ಲು. ಬರೋಡಾಕ್ಕ ಹೋಗಂತ ಹೇಳು ಅಂದ್ಲು."

"ನಮ್ಮವ್ವ?" ಅಪ್ಪನ ದನಿ ಸಣ್ಣದಾಯಿತು. "ಏನ್ ಮಾಡ್ತಿದ್ಲು?"

"ಜೋಳ ಹಸನ ಮಾಡ್ತಿದ್ಲು. ಒಂದೊಂದೇ ಹರಳ ನೋಡಿ ತಗೀತಿದ್ಲು."

ಹೇಳಿದ ಮೇಲೆ ನೆನಪಾಯಿತು: ಸಾಯುವ ಹತ್ತು ವರ್ಷ ಮೊದಲೇ ಆಯಿಯ ಎರಡೂ ಕಣ್ಣು ಹೋಗಿದ್ದವು. ತಾನು ಕಂಡದ್ದು ಕುರುಡಿ ಆಯಿಯನ್ನು ಮಾತ್ರ. ಅವ್ವ ಬಾಯಿ ತೆರೆದಳು. ಅಪ್ಪ ಸುಮ್ಮನಿರೆಂದು ಅವಳತ್ತ ಕೈಯೆತ್ತಿದ.

"ಟ್ರಂಕ್ ತಗಿ, ಪಾರ್ವತಿ. ಗಾಡಿಗೆ ಹೊತ್ತಾತು."

ಅವನು ಕಾಲು ಕೆಳಗಿಟ್ಟ. ಸುಶೀಲಾ ನೆಲದ ಮೇಲೆ ಕೂತು ಅವನ ಬೂಟಿನ ಲಾಡಿ ಕಟ್ಟತೊಡಗಿದಳು. ಗಂಟು ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿತು. ಅಪ್ಪ ಕಾಲು ಅಲುಗಿಸದೆ ಕಾಯುತ್ತಿದ್ದ.